ಬೆಟ್ಟದ ಸವಾರಿ ಮತ್ತು ಪ್ರಮಾದದ ಪ್ರಶ್ನೆ

ಕಣ್ಣಿಗೆ ಕಾಣದೆ ನಡೆದುಹೋದ ಹಿಂಸೆಗೆ ಹೊಣೆ ಯಾರು ಎಂಬ ಪ್ರಶ್ನೆ ಶ್ರಾವಕರ ಮನೆಗಳಲ್ಲಿ ಹೊಸದೇನಲ್ಲ. ನೀರನ್ನು ಸೋಸಿ ಬಳಸುವಾಗ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವಾಗ, ಕಾಳನ್ನು ಕೇರಿ ಆರಿಸುವಾಗ ಈ ಪ್ರಶ್ನೆಗೆ ಪ್ರತಿದಿನವೂ ಒಂದು ಉತ್ತರ ಸಲ್ಲುತ್ತಲೇ ಇರುತ್ತದೆ. ಆದರೆ ಅವೆಲ್ಲವೂ ಮನೆಯೊಳಗಿನ, ನಿಧಾನದ ಕೆಲಸಗಳು. ಅದೇ ಪ್ರಶ್ನೆಯನ್ನು ವೇಗದ ಮುಂದೆ ನಿಲ್ಲಿಸಿದಾಗ ಉತ್ತರ ಅಷ್ಟು ಸಲೀಸಾಗಿ ಒದಗುವುದಿಲ್ಲ.

ಮೌಂಟನ್ ಬೈಕ್ ಎಂದು ಕರೆಯಲ್ಪಡುವ ಬೆಟ್ಟದ ಸೈಕಲ್ಲನ್ನೇರಿ ನಿರ್ಜನವಾದ ಗಿರಿಶ್ರೇಣಿಗಳನ್ನು ದಾಟುವುದು ಇಂದಿನ ತರುಣರ ಮೆಚ್ಚಿನ ಸಾಹಸಗಳಲ್ಲಿ ಒಂದು. ಮೇಲ್ನೋಟಕ್ಕೆ ಇದರಲ್ಲಿ ಆಕ್ಷೇಪಿಸುವಂಥದು ಏನೂ ಇಲ್ಲ. ಹೊಗೆಯಿಲ್ಲ, ಇಂಧನವಿಲ್ಲ, ಸದ್ದಿಲ್ಲ, ಬೇಟೆಯಲ್ಲ, ಜೂಜಲ್ಲ. ಮೈಕೈ ಮುರಿದುಕೊಂಡಾನೆಂಬ ಅಂಜಿಕೆಯೊಂದನ್ನು ಬಿಟ್ಟರೆ ಮಗನನ್ನು ತಡೆಯಲು ತಂದೆತಾಯಿಗಳಿಗೆ ಬೇರೆ ಕಾರಣ ತೋರುವುದಿಲ್ಲ. ಹಾಗಿದ್ದೂ ಈ ಸವಾರಿಯೊಳಗೆ ಅಹಿಂಸೆಯ ಒಂದು ಸೂಕ್ಷ್ಮವಾದ ಪ್ರಶ್ನೆ ಅಡಗಿದೆ. ಅದನ್ನು ಬಿಡಿಸಿ ನೋಡಲು ಯಾವುದಾದರೊಂದು ನಿಜವಾದ ಬೆಟ್ಟ, ನಿಜವಾದ ದಾರಿ ಕಣ್ಣಮುಂದಿರುವುದು ಮೇಲು.

ಸ್ಕಾಟ್ಲೆಂಡಿನ ಎತ್ತರದ ನಾಡಿನಲ್ಲಿ ಕೊರಿಯಾರಿಕ್ ಎಂಬ ಘಾಟಿಯಿದೆ. ಲ್ಯಾಗನ್ ಎಂಬ ಹಳ್ಳಿಯಿಂದ ಹೊರಟು, ಸ್ಪೇ ನದಿಯ ಮೇಲ್ಕಣಿವೆಯನ್ನು ಹಿಡಿದು, ಸಮುದ್ರಮಟ್ಟದಿಂದ 770 ಮೀಟರಿನಷ್ಟು ಎತ್ತರವನ್ನು ದಾಟಿ, ಲಾಕ್ ನೆಸ್ ಸರೋವರದ ದಂಡೆಯ ಫೋರ್ಟ್ ಅಗಸ್ಟಸ್ ಊರಿಗೆ ಇಳಿಯುವ ಸುಮಾರು 40 ಕಿಲೋಮೀಟರಿನ ದಾರಿ ಅದು. ಬೆಟ್ಟದ ಬುಡಕಟ್ಟುಗಳ ಬಂಡಾಯವನ್ನು ಅಡಗಿಸಲು ಬ್ರಿಟಿಷ್ ಸೇನಾಪತಿ ಜಾರ್ಜ್ ವೇಡ್ 1731ರಲ್ಲಿ ಸೈನಿಕರಿಂದಲೇ ಇದನ್ನು ಕಟ್ಟಿಸಿದನು. ಹದಿನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1745ರ ಆಗಸ್ಟಿನಲ್ಲಿ, ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನ ಬಂಡಾಯದ ಸೈನ್ಯವೇ ಈ ದಾರಿಯನ್ನು ಹಿಡಿದು ದಕ್ಷಿಣಕ್ಕೆ ನಡೆಯಿತು. ದಾರಿಗೆ ಒಡೆಯನ ಉದ್ದೇಶ ತಿಳಿಯದು. ಈಗ ಅದು ಸಂರಕ್ಷಿತ ಸ್ಮಾರಕ. ಮೋಟಾರು ವಾಹನಗಳಿಗೆ ನಿಷಿದ್ಧ. ಕಾಲ್ನಡಿಗೆಯವರು ಮತ್ತು ಸೈಕಲ್ ಸವಾರರು ಮಾತ್ರ ಹೋಗಿಬರುತ್ತಾರೆ. ಮಾನವಸಂಚಾರದ ಗುರುತಾಗಿ ಬೆಟ್ಟದ ಬೆನ್ನ ಮೇಲೆ ವಿದ್ಯುತ್ ಕಂಬಗಳ ಸಾಲೊಂದು ಕಾಣುತ್ತದೆ, ಅಷ್ಟೆ.

ಈ ದಾರಿಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೊರಟ ಒಬ್ಬ ಸವಾರನನ್ನು ಓದುಗರು ಊಹಿಸಿಕೊಳ್ಳಬಹುದು. ಜುಲೈ ತಿಂಗಳು, ಜಿನುಗುಮಳೆ ನಿಂತು ಮೋಡ ಇನ್ನೂ ಚದುರಿಲ್ಲ. ಮೆಲ್ಗಾರ್ವ್ ಎಂಬಲ್ಲಿ ಒಂದು ಒಂಟಿ ಮನೆ ದಾಟಿದ ಮೇಲೆ ಏರು ಮೊದಲಾಗುತ್ತದೆ. ನೆತ್ತಿಗೆ ಸಮೀಪದಲ್ಲಿ ವೇಡ್ ಕಟ್ಟಿಸಿದ ಹತ್ತಕ್ಕೂ ಹೆಚ್ಚು ಅಂಕುಡೊಂಕು ತಿರುವುಗಳಿವೆ. ಮಳೆನೀರು ಕೊರೆದು ಕಲ್ಲುಗಳೆಲ್ಲ ಸಡಿಲವಾಗಿವೆ. ಪೆಡಲು ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಸವಾರನು ಇಳಿಯುತ್ತಾನೆ, ಸೈಕಲ್ಲನ್ನು ನೂಕುತ್ತಾನೆ, ಕೆಲವೆಡೆ ಹೆಗಲ ಮೇಲೆ ಹೊರುತ್ತಾನೆ. ಗಂಟೆಗೆ ನಾಲ್ಕು ಕಿಲೋಮೀಟರು ಸಾಗಿದರೆ ಅದೇ ಹೆಚ್ಚು.

ಆ ನಿಧಾನದಲ್ಲಿ ಅವನಿಗೆ ಎಲ್ಲವೂ ಕಾಣುತ್ತದೆ. ಒದ್ದೆ ಕಲ್ಲಿನ ಮೇಲೆ ಹೆಬ್ಬೆರಳಿನ ಗಾತ್ರದ ಕಪ್ಪು ಗೊಂಡೆಹುಳು. ಚಕ್ರದ ಹಳ್ಳದಲ್ಲಿ ನಿಂತ ನೀರಿನಿಂದ ಆಗತಾನೆ ಮೇಲೆದ್ದು ಬಂದ ಉಗುರಿನಷ್ಟೇ ಗಾತ್ರದ ಮರಿಕಪ್ಪೆಗಳು. ದಾರಿಯನ್ನು ದಾಟುವ ಜೀರುಂಡೆ. ದಾರಿಯ ಪಕ್ಕದ ಕುರುಚಲಿನಲ್ಲಿ ಗೋಲ್ಡನ್ ಪ್ಲೋವರ್ ಎಂಬ, ಕನ್ನಡನಾಡಿನ ಟಿಟ್ಟಿಭದ ಬಳಗಕ್ಕೇ ಸೇರಿದ ಹಕ್ಕಿ ನೊಂದ ದನಿಯಲ್ಲಿ ಕೂಗುತ್ತದೆ. ಅದರ ಗೂಡು ಮರದ ಮೇಲಲ್ಲ, ನೆಲದ ಮೇಲೆ. ಅವನು ಹೆಜ್ಜೆ ತಪ್ಪಿಸುತ್ತಾನೆ. ಯಾರೂ ಹೇಳಿಕೊಡಬೇಕಾಗಿಲ್ಲ; ಕಂಡದ್ದನ್ನು ತುಳಿಯಲು ಸಾಮಾನ್ಯವಾಗಿ ಯಾವ ಮನುಷ್ಯನ ಕಾಲೂ ಒಪ್ಪುವುದಿಲ್ಲ.

ನೆತ್ತಿಯನ್ನು ತಲುಪಿದ ಮೇಲೆ ಏಳುನೂರು ಮೀಟರಿಗೂ ಹೆಚ್ಚಿನ ಇಳಿಜಾರು ಅವನ ಮುಂದಿದೆ. ಇಷ್ಟು ಹೊತ್ತು ಪಟ್ಟ ಶ್ರಮಕ್ಕೆ ಅದೇ ಫಲವೆಂದು ಎಲ್ಲ ಸವಾರರೂ ತಿಳಿಯುತ್ತಾರೆ. ಬ್ರೇಕನ್ನು ಸಡಿಲಿಸುತ್ತಾನೆ. ಕೆಲವೇ ಕ್ಷಣಗಳಲ್ಲಿ ವೇಗ ಗಂಟೆಗೆ ಮೂವತ್ತು ಕಿಲೋಮೀಟರನ್ನು ಮುಟ್ಟುತ್ತದೆ. ಈಗ ಅವನಿಗೆ ಕಾಣುವುದು ಮುಂದಿನ ತಿರುವು, ದೊಡ್ಡ ಕಲ್ಲು, ಆಳವಾದ ಕೊರಕಲು, ಅಂದರೆ ಅವನನ್ನು ಬೀಳಿಸಬಲ್ಲವು ಮಾತ್ರ. ಅವನು ಯಾವುದನ್ನು ಕೊಲ್ಲಬಲ್ಲನೋ ಅದು ಕಾಣುವುದಿಲ್ಲ. ಗೊಂಡೆಹುಳು ಈ ಪಕ್ಕದ ಕಲ್ಲಿನ ಮೇಲೂ ಇದೆ, ಮರಿಕಪ್ಪೆ ಈ ಪಕ್ಕದ ನೀರಿನಲ್ಲೂ ಇದೆ. ಮನುಷ್ಯನೂ ಅವನೇ, ದಯೆಯೂ ಅದೇ, ಬೆಟ್ಟವೂ ಅದೇ. ಬದಲಾದದ್ದು ವೇಗವೊಂದೇ.

ಈ ಎರಡು ಸ್ಥಿತಿಗಳ ನಡುವಿನ ಅಂತರವನ್ನು ಲೆಕ್ಕದಲ್ಲಿಯೂ ಹೇಳಬಹುದು. ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿಯು ನಾಲ್ಕು ಮೊಳದ ನೆಲವನ್ನು ಮುಂದಾಗಿ ನೋಡುತ್ತ ನಡೆಯಬೇಕೆಂದು ವಿಧಿಸುತ್ತದೆ. ನಾಲ್ಕು ಮೊಳವೆಂದರೆ ಹೆಚ್ಚುಕಡಿಮೆ ಆರು ಅಡಿ. ಇದನ್ನು ಕೇವಲ ವಿನಯದ ಲಕ್ಷಣವೆಂದು, ತಲೆ ತಗ್ಗಿಸಿ ನಡೆಯುವ ಒಂದು ಕ್ರಮವೆಂದು ಭಾವಿಸುವವರಿದ್ದಾರೆ. ಅದು ಪೂರ್ಣವಾಗಿ ಸರಿಯಲ್ಲ. ಗಂಟೆಗೆ ನಾಲ್ಕು ಕಿಲೋಮೀಟರು ನಡೆಯುವವನು ಆರು ಅಡಿಯನ್ನು ಕ್ರಮಿಸಲು ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಅರಿತು, ಎತ್ತಿದ ಕಾಲನ್ನು ಬೇರೆಡೆ ಇಡಲು ಆ ಕಾಲಾವಕಾಶ ಸಾಕು. ಅಂದರೆ ನಾಲ್ಕು ಮೊಳವೆಂಬುದು ಮನುಷ್ಯನ ನಡಿಗೆಗೂ ಅವನ ಕಣ್ಣಿಗೂ ಹೊಂದುವ ಅಳತೆ. ಗಂಟೆಗೆ ಮೂವತ್ತು ಕಿಲೋಮೀಟರು ಧಾವಿಸುವವನಾದರೋ ಒಂದು ಸೆಕೆಂಡಿಗೆ ಎಂಟು ಮೀಟರಿಗೂ ಮಿಕ್ಕಿ ಸಾಗುತ್ತಾನೆ. ಅಷ್ಟೇ ಕಾಲಾವಕಾಶ ಅವನಿಗೂ ಬೇಕೆಂದರೆ ಹದಿಮೂರು ಹದಿನಾಲ್ಕು ಮೀಟರು ದೂರದ ಹುಳು ಅವನಿಗೆ ಕಾಣಬೇಕು. ಕುಲುಕುವ ಸೈಕಲ್ಲಿನ ಮೇಲಿಂದ, ಕಪ್ಪು ಕಲ್ಲುಗಳ ನಡುವೆ, ಕಪ್ಪು ಹುಳು! ಕಂಡರೂ ಸಡಿಲ ಕಲ್ಲಿನ ಮೇಲೆ ಬ್ರೇಕು ತಕ್ಷಣ ಹಿಡಿಯುವುದಿಲ್ಲ.

ಇಲ್ಲಿಂದ ಮುಂದೆ ವಿಚಾರವು ಸ್ವಲ್ಪ ಕಠಿಣವಾಗುತ್ತದೆ. ಚಕ್ರವು ಜೀವಿಯ ಮೇಲೆ ಹರಿದ ಕ್ಷಣದಲ್ಲಿ ಸವಾರನ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವಿರಲಿಲ್ಲ. ಅವನಿಗೆ ಅದು ಕಾಣಲೇ ಇಲ್ಲ. ಹಾಗಾದರೆ ಅವನು ನಿರ್ದೋಷಿಯೆ? ಜೈನಾಚಾರ್ಯರು ಹಿಂಸೆಯ ಮೂಲವನ್ನು ಪ್ರಾಣಹಾನಿಯಲ್ಲಿ ಮಾತ್ರವಲ್ಲ, ಪ್ರಮಾದದಲ್ಲಿ ಗುರುತಿಸಿದರು. ಎಚ್ಚರದಿಂದ ನಡೆಯುವವನ ಕಾಲ್ಕೆಳಗೆ ಅಕಸ್ಮಾತ್ತಾಗಿ ಜೀವಿ ಸಿಲುಕಿದರೆ ಅದರ ಬಂಧ ಬೇರೆ. ಎಚ್ಚರಗೇಡಿಯ ಕಾಲ್ಕೆಳಗೆ ಏನೂ ಸಿಲುಕದಿದ್ದರೂ ಅವನು ಹಿಂಸಕನೇ. ಈ ತತ್ತ್ವವನ್ನು ಸವಾರನಿಗೆ ಅನ್ವಯಿಸುವಾಗ ಒಂದು ತೊಡಕು ಎದುರಾಗುತ್ತದೆ. ಇಳಿಯುವ ಸವಾರನು ಸೋಮಾರಿಯಲ್ಲ. ಅವನ ಇಂದ್ರಿಯಗಳೆಲ್ಲ ತೀಕ್ಷ್ಣವಾಗಿವೆ; ಬಹುಶಃ ಜೀವಮಾನದಲ್ಲೇ ಅವನು ಅಷ್ಟು ಎಚ್ಚರವಾಗಿದ್ದಿರಲಾರನು. ಅಂಥವನನ್ನು ಪ್ರಮತ್ತನೆನ್ನುವುದು ಹೇಗೆ?

ಉತ್ತರವನ್ನು ಇಳಿಜಾರಿನ ನಡುವೆ ಹುಡುಕಿದರೆ ಸಿಕ್ಕುವುದಿಲ್ಲ. ಅದು ನೆತ್ತಿಯ ಮೇಲಿದೆ, ಬ್ರೇಕನ್ನು ಸಡಿಲಿಸಿದ ಕ್ಷಣದಲ್ಲಿದೆ. ಕೆಳಗೆ ಅವನಿಗೆ ಕಾಣಲಿಲ್ಲವೆಂಬುದು ನಿಜ; ಆದರೆ ಕಾಣಲಾರದ ವೇಗವನ್ನು ಮೇಲೆ ಆರಿಸಿಕೊಂಡವನು ಅವನೇ. ಹತ್ತುವಾಗ ಹುಳುವನ್ನೂ ಕಪ್ಪೆಯನ್ನೂ ಕಂಡಿದ್ದನಾದ್ದರಿಂದ ಅವು ಇಲ್ಲಿ ಇವೆಯೆಂದು ಅವನಿಗೆ ತಿಳಿದಿತ್ತು. ತಿಳಿದದ್ದನ್ನು ಮರೆಯಲು ಒಪ್ಪಿಕೊಂಡ ಆ ಕ್ಷಣವೇ ಪ್ರಮಾದ. ಅನಂತರದ ಎಚ್ಚರವೆಲ್ಲ ತನ್ನ ದೇಹದ ರಕ್ಷಣೆಗೆ ಮೀಸಲಾದ ಎಚ್ಚರ.

ಇದಕ್ಕೆ ಎದುರಾಗಿ ಸವಾರರು ಹೇಳುವ ಮಾತೊಂದಿದೆ. ಇಳಿಜಾರಿನಲ್ಲಿ ಮನಸ್ಸು ಏಕಾಗ್ರವಾಗುತ್ತದೆ, ಅಹಂಕಾರ ಕರಗುತ್ತದೆ, ಅದು ಧ್ಯಾನಕ್ಕೆ ಸಮಾನವೆಂದು ಅವರು ವರ್ಣಿಸುತ್ತಾರೆ. ಅನುಭವವನ್ನು ಸುಳ್ಳೆನ್ನಲು ಕಾರಣವಿಲ್ಲ. ಆದರೆ ಏಕಾಗ್ರತೆಯೆಲ್ಲವೂ ಪುಣ್ಯಮಯವೆಂದು ಜೈನದರ್ಶನ ಎಂದೂ ಹೇಳಿಲ್ಲ. ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ಧ್ಯಾನವನ್ನು ನಾಲ್ಕಾಗಿ ವಿಂಗಡಿಸಿ, ಮೊದಲಿನ ಎರಡನ್ನು ಹೇಯವೆಂದಿದೆ. ಕೊಕ್ಕರೆಗೂ ಏಕಾಗ್ರತೆಯುಂಟು, ಗುರಿಯಿಡುವ ಬೇಟೆಗಾರನಿಗೂ ಉಂಟು. ಸವಾರನನ್ನು ಬೇಟೆಗಾರನೊಡನೆ ಹೋಲಿಸುವುದು ಅನ್ಯಾಯ. ಅವನಿಗೆ ವೈರವಿಲ್ಲ, ಲೋಭವಿಲ್ಲ. ಆದರೆ ಸುಖಾನುಭವದ ತೀವ್ರತೆಯನ್ನೇ ಆತ್ಮದ ಶುದ್ಧಿಯೆಂದು ಎಣಿಸುವುದು ಈ ಕಾಲದ ಸಾಮಾನ್ಯ ತಪ್ಪುಗಳಲ್ಲಿ ಒಂದಾಗಿದೆ.

ಗೃಹಸ್ಥನಿಗೆ ಮುನಿಯ ಸಮಿತಿಯನ್ನು ವಿಧಿಸುವುದು ತರವೇ ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳುವ ರೂಢಿಯಿದೆ. ಮೊದಲನೆಯದನ್ನು ಅವನು ಬಿಡಲೇಬೇಕು. ಉಳಿದ ಮೂರು ಅವನಿಗೆ ಪೂರ್ಣವಾಗಿ ತಪ್ಪಿಸಲಾಗದವು. ಅಡುಗೆ, ಉದ್ಯೋಗ, ಆತ್ಮರಕ್ಷಣೆ ಇವುಗಳಿಗೆ ಒಂದು ಪ್ರಯೋಜನವಿದೆ. ಕೊರಿಯಾರಿಕ್ ಘಾಟಿಯ ಸವಾರಿ ಇವುಗಳಲ್ಲಿ ಯಾವುದರೊಳಗೂ ಸೇರುವುದಿಲ್ಲ. ಅಲ್ಲಿ ಅವನಿಗೆ ಕೆಲಸವಿಲ್ಲ, ವ್ಯಾಪಾರವಿಲ್ಲ, ಶತ್ರುವಿಲ್ಲ. ಹೀಗೆ ನಾಲ್ಕರ ಹೊರಗೆ ಉಳಿಯುವ ನಿಷ್ಪ್ರಯೋಜನ ಹಿಂಸೆಗೇ ಅನರ್ಥದಂಡವೆಂಬ ಹೆಸರಿರುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅದರ ಒಂದು ಭೇದವಾದ ಪ್ರಮಾದಚರ್ಯೆಯಲ್ಲಿ ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಕಲಕುವುದು, ಗಿಡ ಕಡಿಯುವುದು ಇವುಗಳ ಜೊತೆಗೆ ವೃಥಾ ತಿರುಗಾಟವನ್ನೂ ಎಣಿಸಿದೆ. ಓದಿದಾಕ್ಷಣ ಬೆಟ್ಟದ ಸವಾರಿಗೇ ಬರೆದಂತೆ ತೋರುತ್ತದೆ.

ಆದರೆ ವೃಥಾ ಎಂಬ ಶಬ್ದದ ಮೇಲೆ ಅಷ್ಟು ಬೇಗ ತೀರ್ಪು ಕೊಡುವುದು ಉಚಿತವಲ್ಲ. ನಗರದ ಕುರ್ಚಿಯಲ್ಲಿ ಕುಳಿತು ಬೊಜ್ಜು ಬೆಳೆಸುವ ತರುಣನಿಗೆ ಬೆಟ್ಟದ ಏರು ಔಷಧ. ಹಸಿವು, ಚಳಿ, ದಣಿವುಗಳನ್ನು ಸಹಿಸುವುದನ್ನು ಅವನು ಅಲ್ಲಿ ಕಲಿಯುತ್ತಾನೆ. ಹತ್ತುವಾಗ ಆ ಕಪ್ಪೆಮರಿಯನ್ನು ಅವನು ಕಂಡನಲ್ಲ, ಆ ಕಾಣುವಿಕೆಯೂ ಒಂದು ಲಾಭವೇ. ಮನೆಯಲ್ಲೇ ಕುಳಿತಿದ್ದರೆ ಅಂಥ ಜೀವಿಯೊಂದಿದೆಯೆಂಬುದೂ ಅವನ ಅರಿವಿಗೆ ಬರುತ್ತಿರಲಿಲ್ಲ. ರಜೆ ಕಳೆಯಲು ಅದೇ ಬೆಟ್ಟಸೀಮೆಗೆ ಕಾರಿನಲ್ಲಿ ಹೋಗಿ, ಗಾಜಿಗೆ ಬಡಿದು ಸತ್ತ ಕೀಟಗಳನ್ನು ಸಂಜೆ ಒರೆಸಿ ಹಾಕುವ ಕುಟುಂಬಕ್ಕೆ ಸೈಕಲ್ ಸವಾರನನ್ನು ನಿಂದಿಸುವ ಅಧಿಕಾರವಿಲ್ಲ.

ಕಾಲ್ನಡಿಗೆಯೇನೂ ನಿರಪಾಯವಲ್ಲ ಎಂಬ ವಾದವೂ ಇದೆ. ಅದಕ್ಕೆ ಆಧಾರವುಂಟು. ಅಮೆರಿಕದ ಮೊಂಟಾನಾದ ಬೆಟ್ಟದಾರಿಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ವಿಲ್ಸನ್ ಮತ್ತು ಸೆನೀ ಎಂಬ ಸಂಶೋಧಕರ ಅಧ್ಯಯನದಲ್ಲಿ, ಒದ್ದೆ ದಾರಿಯ ಮಣ್ಣನ್ನು ಸಡಿಲಿಸುವುದರಲ್ಲಿ ಸೈಕಲ್ ಚಕ್ರಕ್ಕಿಂತ ಕುದುರೆಯ ಗೊರಸು ಮತ್ತು ಮನುಷ್ಯನ ಪಾದಗಳೇ ಮುಂದಿದ್ದುದು ಕಂಡುಬಂದಿತು. ಆದ್ದರಿಂದ ಚಕ್ರವೇ ಪಾಪ, ಪಾದವೇ ಪುಣ್ಯ ಎಂದು ಗೆರೆ ಎಳೆಯಲಾಗದು. ವಾಹನಕ್ಕಿಂತ ವೇಗ ಮುಖ್ಯ. ವೇಗಕ್ಕಿಂತ ಅದನ್ನು ಆರಿಸಿಕೊಂಡ ಮನಸ್ಸು ಮುಖ್ಯ.

ನೆಲದ ವಿಷಯಕ್ಕೆ ಬಂದರೆ ಈ ಬೆಟ್ಟಗಳಿಗೆ ವಿಶೇಷವಾದ ಒಂದು ಸಂಗತಿಯನ್ನು ಹೇಳಬೇಕು. ದಾರಿಯ ಎರಡೂ ಬದಿಗೆ ಪೀಟ್ ಎಂಬ ಕಪ್ಪು ಜೌಗುಮಣ್ಣು ಹರಡಿದೆ. ಸ್ಫ್ಯಾಗ್ನಮ್ ಎಂಬ ಪಾಚಿ ಮತ್ತಿತರ ಸಸ್ಯಗಳು ನೀರಿನಲ್ಲಿ ಪೂರ್ಣವಾಗಿ ಕೊಳೆಯದೆ ಪದರ ಪದರವಾಗಿ ಕೂಡಿಕೊಂಡು ಆದ ಮಣ್ಣು ಅದು. ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರು. ಒದ್ದೆಯಾದ ಪೀಟಿನ ಮೇಲೆ ಹರಿದ ಚಕ್ರ ಐದು ಸೆಂಟಿಮೀಟರು ಆಳದ ಗೆರೆ ಕೊರೆದರೆ ಐವತ್ತು ವರ್ಷಗಳ ಬೆಳವಣಿಗೆ ಒಂದು ಕ್ಷಣದಲ್ಲಿ ಕತ್ತರಿಸಿದಂತಾಯಿತು. ಆ ಗೆರೆಯಲ್ಲಿ ಮಳೆನೀರು ಹರಿದು ಅದು ಕಾಲುವೆಯಾಗುತ್ತದೆ; ಸುತ್ತಲಿನ ಜೌಗು ಒಣಗುತ್ತದೆ. ಪಾಚಿಯ ಮೇಲೆ ಕಾಲಿಡಬಾರದೆಂದು ಮಕ್ಕಳಿಗೆ ಕಲಿಸುವ ಮನೆಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲಿ ಸಾಗಬೇಕು? ಪೂರ್ವಾಚಾರ್ಯರು ಪ್ರಾಸುಕಮಾರ್ಗವನ್ನು, ಅಂದರೆ ಜನರೂ ಬಂಡಿಗಳೂ ಪಶುಗಳೂ ಬಹಳವಾಗಿ ಓಡಾಡಿ ಸವೆದ ದಾರಿಯನ್ನು, ನಡೆಯಲು ಯೋಗ್ಯವೆಂದು ಹೇಳಿದ್ದಾರೆ. ಮುನ್ನೂರು ವರ್ಷಗಳಷ್ಟು ಸವೆದ ವೇಡನ ದಾರಿಯ ನಡುಭಾಗ ಈ ದೃಷ್ಟಿಯಿಂದ ಯೋಗ್ಯವೇ. ತೊಂದರೆ ಹುಟ್ಟುವುದು ದಾರಿಯ ನಡುವೆ ನೀರು ನಿಂತಾಗ. ಬಟ್ಟೆ ನೆನೆಯಬಾರದೆಂದು ಸವಾರನು ಅಂಚಿನ ಹಸುರನ್ನು ಹತ್ತುತ್ತಾನೆ. ಮರುದಿನ ಬಂದವನು ಇನ್ನೂ ಒಂದು ಗೇಣು ಹೊರಗೆ ಹೋಗುತ್ತಾನೆ. ಹೀಗೆ ದಾರಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ಆದಕಾರಣ ನೀರಿನ ನಡುವೆಯೇ ಸಾಗಬೇಕೆಂದು ಪರಿಸರವಾದಿಗಳು ಉಪದೇಶಿಸುತ್ತಾರೆ. ಆದರೆ ಜುಲೈ ತಿಂಗಳ ಆ ನೀರಿನಲ್ಲಿ ಕಪ್ಪೆಮರಿಗಳಿವೆ! ಅಂಚಿನಲ್ಲಿ ಪಾಚಿ, ನಡುವೆ ಕಪ್ಪೆ. ಇಂಥಲ್ಲಿ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುವುದಲ್ಲದೆ ಬೇರೆ ಉಪಾಯವಿಲ್ಲ. ನಗುವವರು ನಗಲಿ. ಹೊರುವುದರಲ್ಲಿ ಅವಮಾನವೇನೂ ಇಲ್ಲ.

ಈ ಮಾತಿಗೆ ಆ ಕ್ರೀಡೆಯ ಚರಿತ್ರೆಯಲ್ಲೇ ಸಾಕ್ಷಿಯಿದೆ. ಬೆಟ್ಟದ ಸೈಕಲ್ ಸವಾರಿಗೆ ಎರಡು ಮೂಲಗಳನ್ನು ಹೇಳಬಹುದು. 1955ರಲ್ಲಿ ಇಂಗ್ಲೆಂಡಿನ ಲೆಮ್‌ಸ್ಟರ್ ಎಂಬ ಊರಿನಲ್ಲಿ ರಫ್ ಸ್ಟಫ್ ಫೆಲೋಶಿಪ್ ಎಂಬ ಸಂಘ ಹುಟ್ಟಿತು. ಸಾಮಾನ್ಯ ಸೈಕಲ್ಲುಗಳಲ್ಲೇ ಘಾಟಿಗಳನ್ನು ದಾಟುತ್ತಿದ್ದ ಅದರ ಸದಸ್ಯರು ತುಳಿಯಲಾಗದ ಕಡೆ ನೂಕುತ್ತ, ನೂಕಲಾಗದ ಕಡೆ ಹೊರುತ್ತ ನಡೆದರು. ಎರಡನೆಯ ಮೂಲ ಅಮೆರಿಕದ ಕ್ಯಾಲಿಫೋರ್ನಿಯದ್ದು. ಅಲ್ಲಿನ ಮರಿನ್ ಪ್ರಾಂತದ ತರುಣರು 1976ರಲ್ಲಿ ಇಳಿಜಾರಿನ ಓಟದ ಪಂದ್ಯವೊಂದನ್ನು ಆರಂಭಿಸಿದರು. ಎರಡು ಮೈಲಿಯಷ್ಟರಲ್ಲಿ ಸುಮಾರು 1,300 ಅಡಿ ಇಳಿಯುವ ಆ ದಾರಿಗೆ ರೀಪ್ಯಾಕ್ ಎಂದು ಹೆಸರಾಯಿತು. ಒಂದು ಸಲ ಇಳಿದರೆ ಸಾಕು, ಬ್ರೇಕಿನ ಕಾವಿಗೆ ಗುಂಬದೊಳಗಿನ ಗ್ರೀಸು ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿತ್ತು. ಹೆಸರು ಬಂದದ್ದು ಅದರಿಂದ. ಇಂದು ಅಂಗಡಿಗಳಲ್ಲಿ ಮಾರಾಟವಾಗುವ ಬೆಟ್ಟದ ಸೈಕಲ್ಲು ಬಹುಮಟ್ಟಿಗೆ ಈ ಎರಡನೆಯ ವಂಶದ್ದು. ಆದರೆ ಅದನ್ನೇರಿ ಮೊದಲನೆಯ ವಂಶದವರಂತೆ ಸಾಗುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕಾನೂನಿನಿಂದ ಇದನ್ನು ಸರಿಪಡಿಸಬಹುದೆ ಎಂದರೆ, ಅದು ಸ್ವಲ್ಪ ಮಟ್ಟಿಗೆ ಮಾತ್ರ. ಅಮೆರಿಕದ 1964ರ ವನ್ಯಪ್ರದೇಶ ಕಾಯಿದೆ ರಕ್ಷಿತ ವನ್ಯಭೂಮಿಯಲ್ಲಿ ಯಾಂತ್ರಿಕ ಸಾರಿಗೆಯನ್ನು ನಿಷೇಧಿಸಿದೆ. ಸೈಕಲ್ಲಿಗೂ ಅಲ್ಲಿ ಪ್ರವೇಶವಿಲ್ಲ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯಿದೆ ಇದಕ್ಕೆ ವಿರುದ್ಧವಾದ ಮಾರ್ಗ ಹಿಡಿದು, ಬೆಟ್ಟಬಯಲುಗಳಲ್ಲಿ ಸಂಚರಿಸುವ ಹಕ್ಕನ್ನು ಸೈಕಲ್ ಸವಾರರೂ ಸೇರಿದಂತೆ ಎಲ್ಲರಿಗೂ ನೀಡಿತು, ಜವಾಬ್ದಾರಿಯಿಂದ ನಡೆದುಕೊಳ್ಳಬೇಕೆಂಬ ಒಂದೇ ನಿಬಂಧನೆಯೊಡನೆ. ನಿಷೇಧಿಸುವ ಕಾನೂನು ಸುಲಭ. ನಂಬುವ ಕಾನೂನು ಉದಾತ್ತವಾದದ್ದು. ಆದರೆ ನಿರ್ಜನವಾದ ಇಳಿಜಾರಿನಲ್ಲಿ ಜವಾಬ್ದಾರಿಯನ್ನು ಅಳೆಯಲು ಯಾವ ಅಧಿಕಾರಿಯೂ ನಿಂತಿರುವುದಿಲ್ಲ. ಅಲ್ಲಿ ಉಳಿಯುವುದು ತಾನಾಗಿ ತೆಗೆದುಕೊಂಡ ವ್ರತವೊಂದೇ.

ಆ ನಿರ್ಜನತೆಯೂ ಪೂರ್ಣವಾದುದಲ್ಲ. ತನ್ನ ಪ್ರಾಣ ತನ್ನದು, ಬಿದ್ದರೆ ತಾನು ಬೀಳುವೆನೆಂದು ಸಾಹಸಿಗಳು ಹೇಳುವುದುಂಟು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಗಾಯಗೊಂಡವರನ್ನು ಹುಡುಕಿ ಹೊತ್ತು ತರುವ ತಂಡಗಳಲ್ಲಿ ಇರುವವರು ಹೆಚ್ಚಾಗಿ ಸ್ವಯಂಸೇವಕರು. ಹಗಲು ತಮ್ಮ ಉದ್ಯೋಗ ಮಾಡಿ, ಕರೆ ಬಂದರೆ ರಾತ್ರಿಯಲ್ಲೂ ಮಂಜಿನಲ್ಲೂ ಹೊರಡುತ್ತಾರೆ, ಹಣ ಪಡೆಯುವುದಿಲ್ಲ. ಒಬ್ಬನು ನೆತ್ತಿಯ ಮೇಲೆ ಬ್ರೇಕು ಸಡಿಲಿಸಿದಾಗ, ಅವನಿಗೆ ಪರಿಚಯವೇ ಇಲ್ಲದ ಹತ್ತು ಮಂದಿಯ ಆ ರಾತ್ರಿಯನ್ನೂ ಪಣಕ್ಕಿಟ್ಟಂತಾಗುತ್ತದೆ.

ಆ ಘಾಟಿಯ ನೆತ್ತಿಗೆ ಮತ್ತೆ ಮರಳಿದರೆ ಸವಾರನು ಇನ್ನೂ ಅಲ್ಲಿಯೇ ನಿಂತಿದ್ದಾನೆ ಎಂದು ಎಣಿಸಬಹುದು. ಮೋಡ ಸರಿದು ಪಶ್ಚಿಮದ ಕಣಿವೆ ಕಾಣುತ್ತಿದೆ. ಒಣ ಕಲ್ಲಿನ ನೆಟ್ಟನೆಯ ಭಾಗಗಳಲ್ಲಿ ದೂರದವರೆಗೆ ನೆಲ ತೆರವಾಗಿದೆ; ಅಲ್ಲಿ ಅವನು ತುಸು ವೇಗವಾಗಿ ಹೋಗಬಹುದು. ತೊರೆಗಳ ಬಳಿ, ನೀರು ನಿಂತಲ್ಲಿ, ಹಕ್ಕಿ ಕೂಗಿದಲ್ಲಿ ಇಳಿದು ನಡೆಯಬೇಕಾಗುತ್ತದೆ. ಗಂಟೆಯೊಳಗೆ ಮುಗಿಯುವ ಇಳಿಜಾರಿಗೆ ಎರಡು ಗಂಟೆ, ಮೂರು ಗಂಟೆ ಹಿಡಿಯಬಹುದು. ಹತ್ತುವಾಗ ಅವನ ವೇಗವನ್ನು ಬೆಟ್ಟವೇ ತಡೆದಿತ್ತು. ಅದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಈಗ ತಡೆಯುವವರು ಯಾರೂ ಇಲ್ಲ. ಎರಡು ಬೆರಳುಗಳು ಬ್ರೇಕಿನ ಮೇಲಿವೆ, ಮುಂದಿನ ಚಕ್ರದಿಂದ ಒಂದು ಮಾರು ದೂರದಲ್ಲಿ ಒದ್ದೆ ಕಲ್ಲಿನ ಮೇಲೆ ಕಪ್ಪಗೆ ಏನೋ ಒಂದು ಮೆಲ್ಲನೆ ಸರಿಯುತ್ತಿದೆ.